ಊರ ಹಂಡೆ, ಮನೆಯ ಹೆಸರು

ನಮ್ಮೂರ ದೇವಸ್ಥಾನದ ಉಗ್ರಾಣದಲ್ಲಿ ನಾಲ್ಕು ದೊಡ್ಡ ತಾಮ್ರದ ಹಂಡೆಗಳಿದ್ದವು. ಯಾರ ಮನೆಯಲ್ಲಿ ಮದುವೆ, ಮುಂಜಿ, ತಿಥಿ ಆದರೂ ಅವು ಅಲ್ಲಿಗೆ ಹೋಗಿ, ಮಸಿ ತೊಳೆಸಿಕೊಂಡು ವಾಪಸು ಬರುತ್ತಿದ್ದವು. ಮನೆಗೊಂದು ಹಂಡೆ ಕೊಳ್ಳುವ ಮಾತೇ ಇರಲಿಲ್ಲ. ವರ್ಷಕ್ಕೆರಡು ದಿನದ ಕೆಲಸಕ್ಕೆ ಅಟ್ಟದ ಮೇಲೆ ಜಾಗ ಯಾರು ಕೊಡುತ್ತಾರೆ? ಟಾಮ್‌ಕ್ಯಾಟ್ ಸರ್ವರಿನ ಕಡತ ತಿದ್ದಲು ಕೂತಾಗಲೆಲ್ಲ ನನಗೆ ಆ ಉಗ್ರಾಣ ನೆನಪಾಗುತ್ತದೆ.

ಜೇಮ್ಸ್ ಡಂಕನ್ ಡೇವಿಡ್‌ಸನ್ ಸನ್ ಕಂಪನಿಯಲ್ಲಿದ್ದಾಗ ಬರೆದ, 1999ರಲ್ಲಿ ಅಪಾಚೆ ಬಳಗದ ಕೈಸೇರಿದ ಈ ಸರ್ವರಿಗೆ ಗಂಡುಬೆಕ್ಕಿನ ಹೆಸರಿಟ್ಟದ್ದಕ್ಕೂ ಕಾರಣವಿದೆ: ತನ್ನ ಪಾಡು ತಾನು ನೋಡಿಕೊಳ್ಳುವ ಪ್ರಾಣಿ ಎಂದು. ಆದರೆ ಅದರ ಹೊಟ್ಟೆಯೊಳಗೆ ಸಂಸಾರ ಹೂಡುವ ಅಪ್ಲಿಕೇಶನ್‌ಗಳಿಗೆ ಆ ಗುಣವಿಲ್ಲ. ಒಂದೇ ಸರ್ವರಿನಲ್ಲಿ ಐದಾರು ಅಪ್ಲಿಕೇಶನ್ ಇದ್ದರೆ ಎಲ್ಲಕ್ಕೂ ಅದೇ ಡೇಟಾಬೇಸ್, ಅದೇ ಮೇಲ್ ಸೇವೆ, ಅದೇ ಬಳಕೆದಾರರ ಪಟ್ಟಿ ಬೇಕು. ಇವುಗಳಲ್ಲಿ ದುಬಾರಿ ಎಂದರೆ ಡೇಟಾಬೇಸ್ ಕನೆಕ್ಷನ್. ಪ್ರತಿ ಸಲವೂ ಜಾಲದ ಮೂಲಕ ಬಾಗಿಲು ತಟ್ಟಬೇಕು, ಪಾಸ್‌ವರ್ಡ್ ಒಪ್ಪಿಸಬೇಕು. ಪೋಸ್ಟ್‌ಗ್ರೆಸ್ ಆದರಂತೂ ಒಂದೊಂದು ಕನೆಕ್ಷನ್ನಿಗೂ ಒಂದು ಪ್ರತ್ಯೇಕ ಪ್ರೊಸೆಸ್ ಹುಟ್ಟಿಸುತ್ತದೆ. ಅದಕ್ಕೇ ಕೆಲವನ್ನು ತೆರೆದಿಟ್ಟು, ಬೇಕಾದಾಗ ಕೊಟ್ಟು, ಮುಗಿದ ಮೇಲೆ ಪಡೆದುಕೊಳ್ಳುವ ಏರ್ಪಾಡು. ಅದೇ ಪೂಲ್, ಅಂದರೆ ಉಗ್ರಾಣ.

ಆದರೆ ಉಗ್ರಾಣ ಎಲ್ಲಿರಬೇಕು? ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟು ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಹಿಂದೆ ಕೆಲಸಕ್ಕಿದ್ದ ಒಂದು ಕಡೆ ಆರು ಅಪ್ಲಿಕೇಶನ್‌ಗಳಿದ್ದವು, ಹಿಂದೆ ಒಂದು ಮೈಎಸ್‌ಕ್ಯೂಎಲ್. 'ಎಲ್ಲರಿಗೂ ಸೇರಿದ್ದು' ಎಂದುಕೊಂಡು ಡೇಟಾಬೇಸಿನ ವಿವರವನ್ನು ಕಾನ್ಫ್ ಫೋಲ್ಡರಿನ ಕಾಂಟೆಕ್ಸ್ಟ್.ಎಕ್ಸ್‌ಎಂಎಲ್ ಕಡತದಲ್ಲಿ ಬರೆದು, ಗರಿಷ್ಠ 30 ಕನೆಕ್ಷನ್ ಎಂದು ಕೊಟ್ಟೆ. ಭಾನುವಾರ ಎಲ್ಲ ಚೆನ್ನಾಗಿತ್ತು. ಸೋಮವಾರ ಹತ್ತು ಗಂಟೆಗೆ ಜನ ನುಗ್ಗಿದ್ದೇ ತಡ, ಕನೆಕ್ಷನ್ ಹೆಚ್ಚಾಯಿತೆಂದು ಮೈಎಸ್‌ಕ್ಯೂಎಲ್ ಬಾಗಿಲು ಹಾಕಿಕೊಂಡಿತು. ಆ ಕಡತ ಎಲ್ಲರಿಗೂ ಸೇರಿದ್ದು ನಿಜ, ಆದರೆ ಮಾದರಿಯಾಗಿ ಮಾತ್ರ. ಅದರಲ್ಲಿ ಬರೆದದ್ದನ್ನು ಟಾಮ್‌ಕ್ಯಾಟ್ ಪ್ರತಿ ಅಪ್ಲಿಕೇಶನ್ನಿಗೂ ಬೇರೆಬೇರೆಯಾಗಿ ಎರಕ ಹೊಯ್ಯುತ್ತದೆ. ಆರು ಮೂವತ್ತಲ 180. ಮೈಎಸ್‌ಕ್ಯೂಎಲ್ ತಾನಾಗಿ ಒಪ್ಪುವುದು 151. ಊರ ಹಂಡೆ ಎಂದುಕೊಂಡು ಮನೆಗೊಂದು ಹಂಡೆ ಮಾಡಿಸಿದ್ದೆ.

ನಿಜವಾದ ಊರ ಉಗ್ರಾಣ ಇರುವುದು ಸರ್ವರ್.ಎಕ್ಸ್‌ಎಂಎಲ್ ಕಡತದ ಗ್ಲೋಬಲ್‌ನೇಮಿಂಗ್‌ರಿಸೋರ್ಸಸ್ ಎಂಬ ಅಂಗಳದಲ್ಲಿ. ಹೊಸ ಟಾಮ್‌ಕ್ಯಾಟ್ ಬಿಚ್ಚಿ ನೋಡಿ, ಅಲ್ಲಿ ಆಗಲೇ ಒಬ್ಬ ಒಕ್ಕಲಿದ್ದಾನೆ: ಟಾಮ್‌ಕ್ಯಾಟ್-ಯೂಸರ್ಸ್ ಕಡತ ಓದುವ ಯೂಸರ್‌ಡೇಟಾಬೇಸ್. ಅದರ ಪಕ್ಕದಲ್ಲೇ ನಮ್ಮ ಡೇಟಾಬೇಸಿನ ರಿಸೋರ್ಸ್ ಬರೆಯಬೇಕು. ಒಂದು ಸಲ ಬರೆದರೆ ಇಡೀ ಸರ್ವರಿಗೆ ಒಂದೇ ಪೂಲ್. ಆಮೇಲೆ ಪ್ರತಿ ಅಪ್ಲಿಕೇಶನ್ನಿನ ಕಾಂಟೆಕ್ಸ್ಟ್‌ನಲ್ಲಿ ರಿಸೋರ್ಸ್‌ಲಿಂಕ್ ಎಂಬ ಒಂದು ಸಾಲು. ಡೇಟಾಬೇಸಿನ ಡ್ರೈವರ್ ಜಾರ್ ಕಡತವನ್ನು ಅಪ್ಲಿಕೇಶನ್ನಿನ ಒಳಗಲ್ಲ, ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರಿನಲ್ಲೇ ಇಡಬೇಕು. ಉಗ್ರಾಣದ ಬೀಗದ ಕೈ ಯಾರದೋ ಮನೆಯ ಪೆಟ್ಟಿಗೆಯಲ್ಲಿದ್ದರೆ ಉಗ್ರಾಣ ತೆಗೆಯುವುದು ಹೇಗೆ?

ಈ ರಿಸೋರ್ಸ್‌ಲಿಂಕ್ ನನ್ನ ಪ್ರಕಾರ ಇಡೀ ಟಾಮ್‌ಕ್ಯಾಟ್‌ನಲ್ಲೇ ಅತ್ಯಂತ ಸೊಗಸಾದ ಸಾಲು. ಅದರಲ್ಲಿ ಎರಡು ಹೆಸರುಗಳಿರುತ್ತವೆ: ಊರಿನವರು ಕರೆಯುವುದು ಒಂದು, ಮನೆಯವರು ಕರೆಯುವುದು ಇನ್ನೊಂದು. ಅಪ್ಲಿಕೇಶನ್ ತನ್ನ ಮನೆಹೆಸರಿನಲ್ಲೇ ಕೂಗುತ್ತದೆ. ಆ ಹೆಸರಿನ ಹಿಂದೆ ಯಾವ ಹಂಡೆ, ಯಾವ ಊರಿನದು, ಪಾಸ್‌ವರ್ಡ್ ಏನು ಎಂಬುದು ಅದಕ್ಕೆ ಬೇಕಿಲ್ಲ. ಪರೀಕ್ಷೆಯ ಸರ್ವರಿನಲ್ಲಿ ಓಡಿದ ವಾರ್ ಕಡತವೇ ಒಂದಕ್ಷರ ಬದಲಾಗದೆ ಅಸಲಿ ಸರ್ವರಿನಲ್ಲೂ ಓಡುವುದು ಈ ಎರಡು ಹೆಸರುಗಳ ಪುಣ್ಯದಿಂದ.

ಇನ್ನು ಎಷ್ಟು ಹಂಡೆ ಇರಬೇಕು ಎಂಬ ಲೆಕ್ಕ. ಹಳೆಯ ಟಾಮ್‌ಕ್ಯಾಟ್‌ನಲ್ಲಿ ಗರಿಷ್ಠ ಸಂಖ್ಯೆಗೆ ಮ್ಯಾಕ್ಸ್‌ಆಕ್ಟಿವ್ ಎಂದು ಬರೆಯುತ್ತಿದ್ದೆವು. ಎಂಟನೆಯ ಆವೃತ್ತಿಗೆ, ಪೂಲ್ ನೋಡಿಕೊಳ್ಳುವ ಲೈಬ್ರರಿಯಾದ ಡಿಬಿಸಿಪಿ 2 ಬಂದು ಆ ಹೆಸರು ಮ್ಯಾಕ್ಸ್‌ಟೋಟಲ್ ಆಯಿತು. ಹಳೆಯ ಕಡತವನ್ನು ಹಾಗೇ ನಕಲು ಮಾಡಿದರೆ ಸರ್ವರ್ ನಿಲ್ಲುವುದಿಲ್ಲ. ಲಾಗ್‌ನಲ್ಲಿ ಒಂದು ಸಾಲು ಗೊಣಗಿ, ನೀವು ಬರೆದ 50ನ್ನು ಬದಿಗಿಟ್ಟು ತನ್ನ ಮೂಲ ಸಂಖ್ಯೆ 8ಕ್ಕೆ ಇಳಿಯುತ್ತದೆ. ಕಾಯುವ ಮಿತಿಯ ಹೆಸರೂ ಬದಲಾಗಿದೆ, ಅದೂ ಬದಿಗೆ ಸರಿದು 'ಎಷ್ಟು ಹೊತ್ತಾದರೂ ಸರಿ' ಎಂಬ ಮೂಲ ಸ್ಥಿತಿಗೆ ಬರುತ್ತದೆ. ಟಾಮ್‌ಕ್ಯಾಟ್ ಏಕಕಾಲಕ್ಕೆ 200 ಥ್ರೆಡ್‌ಗಳನ್ನು ಒಳಗೆ ಬಿಡುತ್ತದೆ. ಎಲ್ಲಕ್ಕೂ ಡೇಟಾಬೇಸ್ ಬೇಕಾದ ಗಳಿಗೆಯಲ್ಲಿ ಎಂಟು ಉಣ್ಣುತ್ತವೆ, 192 ಎಲೆ ಮುಂದೆ ಕೂತಿರುತ್ತವೆ. ದೋಷದ ಸಂದೇಶವೂ ಇಲ್ಲ, ಉತ್ತರವೂ ಇಲ್ಲ. ಹತ್ತು ಸೆಕೆಂಡ್ ಕಾದು ಸಿಗದಿದ್ದರೆ ಜಗಳ ತೆಗೆಯಲಿ ಎಂದು ನಾನು ಮಿತಿ ಹಾಕಿಯೇ ಹಾಕುತ್ತೇನೆ. ಜಗಳವಾದರೆ ಕಾರಣವಾದರೂ ತಿಳಿಯುತ್ತದೆ.

ಒಯ್ದದ್ದನ್ನು ತಿರುಗಿ ಕೊಡದವರು ಎಲ್ಲ ಊರಲ್ಲೂ ಇರುತ್ತಾರೆ. ಕನೆಕ್ಷನ್ ಪಡೆದು ಮುಚ್ಚುವುದನ್ನು ಮರೆತ ಒಂದೇ ಅಪ್ಲಿಕೇಶನ್ ಸಾಕು, ಹಂಚಿಕೊಂಡ ಪೂಲ್ ಬರಿದಾಗಿ ಉಳಿದ ಐದೂ ಉಪವಾಸ. ಉಗ್ರಾಣದ ಪಾರುಪತ್ಯಗಾರರ ಹತ್ತಿರ ಇದಕ್ಕೊಂದು ಪುಸ್ತಕವಿತ್ತು, ಒಯ್ದವರ ಹೆಸರು ಬರೆಯಲು. ಡಿಬಿಸಿಪಿಯಲ್ಲಿ ಆ ಪುಸ್ತಕ ಲಾಗ್‌ಅಬಾಂಡನ್ಡ್: ಯಾವ ಕೋಡಿನ ಯಾವ ಸಾಲು ಕನೆಕ್ಷನ್ ಒಯ್ದಿತೆಂದು ಹೇಳುತ್ತದೆ. 300 ಸೆಕೆಂಡ್ ಸುಮ್ಮನೆ ಇಟ್ಟುಕೊಂಡವರಿಂದ ಕಿತ್ತುಕೊಳ್ಳುವ ಅಧಿಕಾರವನ್ನೂ ಅದಕ್ಕೆ ಕೊಡಬಹುದು. ಆದರೆ ಅದು ಊರ ಹಿರಿಯರ ಹಾಗೆ, ಉಗ್ರಾಣದಲ್ಲಿ ಬಿಡುವಾಗಿರುವುದು ಎರಡಕ್ಕಿಂತ ಕಡಿಮೆಯಾಗಿ, ಹೊರಗಿರುವುದು ಮಿತಿಯ ಅಂಚಿಗೆ ಬಂದಾಗಷ್ಟೇ ಎದ್ದು ಹೊರಡುತ್ತದೆ.

ಹಾಗೆಂದು ಎಲ್ಲವನ್ನೂ ಊರಿಗೆ ಬಿಟ್ಟುಕೊಡಿ ಎನ್ನುವವನಲ್ಲ ನಾನು. ಸರ್ವರ್.ಎಕ್ಸ್‌ಎಂಎಲ್ ತಿದ್ದಿದರೆ ಇಡೀ ಟಾಮ್‌ಕ್ಯಾಟ್ ಮಲಗಿ ಏಳಬೇಕು. ಒಬ್ಬರ ಬದಲಾವಣೆಗೆ ಆರೂ ಮನೆಯ ದೀಪ ಆರುತ್ತದೆ. ರಾತ್ರಿಯಿಡೀ ವರದಿ ಅರೆಯುವ ಅಪ್ಲಿಕೇಶನ್ ಇದ್ದರೆ ಅದಕ್ಕೆ ಬೇರೆ ಪುಟ್ಟ ಪೂಲ್ ಕೊಟ್ಟು ಕೂರಿಸುವುದೇ ಲೇಸು. ಹಂಚಿಕೊಳ್ಳುವುದು ನಂಬಿಕಸ್ಥರ ನಡುವಿನ ಕಟ್ಟಳೆ.

ಈಗಿನ ಹುಡುಗರು ನಗಬಹುದು. ಸ್ಪ್ರಿಂಗ್ ಬೂಟ್ ಕಾಲದಲ್ಲಿ ಅಪ್ಲಿಕೇಶನ್ನೇ ಟಾಮ್‌ಕ್ಯಾಟನ್ನು ಒಳಗಿಟ್ಟುಕೊಂಡು, ಹಿಕಾರಿ ಎಂಬ ತನ್ನದೇ ಪೂಲ್ ಹೊತ್ತು ತಿರುಗುತ್ತದೆ. ಆದರೆ ಹಿಕಾರಿಯ ಮೂಲ ಸಂಖ್ಯೆ 10, ಅಷ್ಟನ್ನೂ ತೆರೆದೇ ಇಡುವುದು ಅದರ ರೂಢಿ. ಜನ ಹೆಚ್ಚಾದರೆಂದು ಹತ್ತು ಪ್ರತಿ ಓಡಿಸಿ ನೋಡಿ: ಹತ್ತು ಹತ್ತಲ 100. ಪೋಸ್ಟ್‌ಗ್ರೆಸ್‌ನ ಮೂಲ ಮಿತಿಯೂ 100, ಅದರಲ್ಲಿ 3 ಆಡಳಿತದವರಿಗೆ ಮೀಸಲು. ನನ್ನ ಸೋಮವಾರ ಅವರಿಗೂ ಬರುತ್ತದೆ. ಬಂದಾಗ ಅವರು ಹುಡುಕಿಕೊಂಡು ಹೋಗುವುದು ಸ್ಕೈಪ್‌ನವರು 2007ರಲ್ಲಿ ಹೊರಬಿಟ್ಟ ಪಿಜಿಬೌನ್ಸರ್ ಥರದ ಸಾಧನಕ್ಕೆ. ಅದು ಮಾಡುವುದೂ ಅದೇ ಕೆಲಸ. ಉಗ್ರಾಣ ದೇವಸ್ಥಾನದಿಂದ ಬೀದಿ ತುದಿಗೆ ಹೋಗಿದೆ, ಅಷ್ಟೆ.

ಟಾಮ್‌ಕ್ಯಾಟ್ ಇಟ್ಟುಕೊಂಡವರು ಈ ವಾರ ಒಂದು ಕೆಲಸ ಮಾಡಿ. ಕಾಂಟೆಕ್ಸ್ಟ್.ಎಕ್ಸ್‌ಎಂಎಲ್ ತೆರೆದು ನೋಡಿ. ಡೇಟಾಬೇಸಿನ ಮುಂದೆ ಬರೀ ರಿಸೋರ್ಸ್ ಎಂದಿದ್ದರೆ ಅದು ಮನೆಯ ಹಂಡೆ, ರಿಸೋರ್ಸ್‌ಲಿಂಕ್ ಎಂದಿದ್ದರೆ ಊರಿನದು. ಮನೆಯದಾದರೆ, ಎಷ್ಟು ಮನೆ ಎಂದು ಗುಣಿಸಿ. ಸೋಮವಾರಕ್ಕೆ ಮುಂಚೆ.