ಆಶ್ರಿತ ಭಾಷೆಯ ಮಿತಿಗಳು: ಟ್ರೈಟನ್ ಕುರಿತು ಒಂದು ವಿಮರ್ಶೆ

ಅಂದಿನ ಕಲ್ಕತ್ತೆಯ ಬರಾನಗರದಲ್ಲಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1955-56ರಲ್ಲಿ ಇಂಗ್ಲೆಂಡಿನಿಂದ ಎಚ್.ಇ.ಸಿ.-2ಎಂ ಎಂಬ ಗಣಕಯಂತ್ರವು ಬಂದಾಗ, ಅದರಿಂದ ಕೆಲಸ ತೆಗೆಯುವವರು ಯಂತ್ರದ ಭಾಷೆಯಲ್ಲಿಯೇ ಬರೆಯಬೇಕಾಗಿತ್ತು. ಕಾಂತೀಯ ಡ್ರಮ್ಮಿನ ಯಾವ ಸ್ಥಾನದಲ್ಲಿ ಯಾವ ಸಂಖ್ಯೆಯಿದೆಯೆಂಬುದು ಬರೆಯುವವನ ಲಕ್ಷ್ಯದಲ್ಲಿರಬೇಕಾಗಿತ್ತು. ಆ ಶ್ರಮವನ್ನು ಕಳೆಯಲು ಹುಟ್ಟಿದ ಭಾಷೆಗಳ ಪರಂಪರೆಯಲ್ಲಿ ಟ್ರೈಟನ್ ಇತ್ತೀಚಿನದು. ಇದು ಸ್ವತಂತ್ರ ಭಾಷೆಯಲ್ಲ. ಪೈಥಾನಿನ ಮನೆಯಲ್ಲಿ ಆಶ್ರಯ ಪಡೆದು, ಜಿ.ಪಿ.ಯು. ಎಂಬ ಸಮಾಂತರ ಗಣನಯಂತ್ರಕ್ಕೆ ಬೇಕಾದ ಸಂಕೇತವನ್ನು ಸಿದ್ಧಪಡಿಸುವ ಭಾಷೆ. ಇಂತಹ ಆಶ್ರಿತ ಭಾಷೆಗಳ ವಿಚಾರವನ್ನು ಪಾಲ್ ಹುಡಾಕ್ 1996ರಲ್ಲಿಯೇ ವಿಶದವಾಗಿ ಮಂಡಿಸಿದ್ದರು.

ಫಿಲಿಪ್ ಟಿಲೆ ಮತ್ತು ಸಂಗಡಿಗರು ಹಾರ್ವರ್ಡಿನಿಂದ 2019ರಲ್ಲಿ ಟ್ರೈಟನ್ನನ್ನು ಪ್ರಕಟಿಸಿದಾಗ ಅದರ ರೂಪ ಸಿ ಭಾಷೆಯದಾಗಿತ್ತು. 2021ರಲ್ಲಿ ಓಪನ್‌ಎಐ ಸಂಸ್ಥೆಯ ಮೂಲಕ ಬಂದ 1.0 ಆವೃತ್ತಿಯು ಪೈಥಾನಿನ ವೇಷ ತೊಟ್ಟಿತು. ಅದರ ಪ್ರಚಾರಕ್ಕೆ ಈ ವೇಷವು ಬಹಳ ನೆರವಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಕೂಡಾ ಭಾಷೆಯಲ್ಲಿ ತಿಂಗಳುಗಟ್ಟಲೆ ಪಳಗಬೇಕಾಗಿದ್ದವರು ಇಪ್ಪತ್ತು ಮೂವತ್ತು ಪಂಕ್ತಿಗಳಲ್ಲಿ ವೇಗವಾದ ಗಣನೆಯನ್ನು ಬರೆಯತೊಡಗಿದರು.

ವೇಷದ ಒಳಗಿರುವುದಾದರೋ ಬೇರೆಯೇ ವ್ಯಾಕರಣ. ಟ್ರೈಟನ್ ತನಗೆ ಒಪ್ಪಿಸಿದ ಕಾರ್ಯವನ್ನು ಪೈಥಾನಿನ ಕೈಯಿಂದ ನಡೆಸುವುದಿಲ್ಲ. ಅದರ ಬರಹವನ್ನೇ ಓದಿ, ವಾಕ್ಯರಚನೆಯನ್ನು ಬಿಡಿಸಿ, ಯಂತ್ರಸಂಕೇತವಾಗಿ ಪರಿವರ್ತಿಸುತ್ತದೆ. ಆದುದರಿಂದಲೇ ಪೈಥಾನಿನ ಸಂವಾದಪರದೆಯಲ್ಲಿ ನೇರವಾಗಿ ಬರೆದ ಕಾರ್ಯವನ್ನು ಅದು ಸ್ವೀಕರಿಸದು. ಓದಲು ಕಡತವೊಂದು ಬೇಕು. ಮೊತ್ತವನ್ನು ಪೂರ್ಣಾಂಕ ಸೊನ್ನೆಯಿಂದ ಆರಂಭಿಸಿ ಆವರ್ತನೆಯೊಳಗೆ ದಶಮಾಂಶ ಸಂಖ್ಯೆಯನ್ನು ಕೂಡಿಸಿದರೆ ಪೈಥಾನ್ ತಕರಾರೆತ್ತುವುದಿಲ್ಲ. ಟ್ರೈಟನ್ ಜಾತಿ ಬದಲಾಯಿತೆಂದು ನಿಂತುಬಿಡುತ್ತದೆ. ಸಂಖ್ಯಾಗುಚ್ಛದ ಉದ್ದ ಎರಡರ ಘಾತವಾಗಿರಲೇಬೇಕು. ಸಾವಿರ ಅಂಕಿಗಳ ಸಾಲಿಗೆ 1024 ಸ್ಥಾನಗಳನ್ನು ಹಿಡಿದು, ಉಳಿದ 24ನ್ನು ಮುಸುಕು ಹಾಕಿ ಮರೆಮಾಡಬೇಕು. ಇವೆಲ್ಲ ಸಹಿಸಬಹುದಾದ ಮಿತಿಗಳೇ. ತಪ್ಪಿದಾಗ ಯಂತ್ರ ತಡೆಯುತ್ತದೆ, ಬರೆದವನು ತಿದ್ದಿಕೊಳ್ಳುತ್ತಾನೆ.

ತಡೆಯದೆ ಮುಂದೆ ಸಾಗಗೊಡುವ ಭೇದವೇ ಅಪಾಯಕರವಾದುದು. ಋಣ ಏಳನ್ನು ಎರಡರಿಂದ ಪೂರ್ಣಾಂಕ ಭಾಗಾಕಾರ ಮಾಡಿದರೆ ಪೈಥಾನಿನಲ್ಲಿ ಬರುವುದು ಋಣ ನಾಲ್ಕು, ಶೇಷ ಒಂದು. ಅದೇ ಚಿಹ್ನೆಯನ್ನು ಟ್ರೈಟನ್ನಿನಲ್ಲಿ ಸಂಖ್ಯಾಗುಚ್ಛದ ಮೇಲೆ ಪ್ರಯೋಗಿಸಿದರೆ ಸಿ ಭಾಷೆಯ ನಿಯಮದಂತೆ ಋಣ ಮೂರು, ಶೇಷ ಋಣ ಒಂದು. ಒಂಟಿ ಸಂಖ್ಯೆಗಳಷ್ಟೇ ಇರುವ ಗಣನೆಯಲ್ಲಿ ಮಾತ್ರ ಪೈಥಾನಿನ ನಿಯಮವೇ ಉಳಿಯುವುದೆಂದು ಅದರ ಕೈಪಿಡಿ ತಿಳಿಸುತ್ತದೆ. ಬಂಗಾಳಿಯು 'ಅವಸರ' ಎಂದಾಗ ಅವನಿಗೆ ಬಿಡುವೆಂದೋ ನಿವೃತ್ತಿಯೆಂದೋ ಅರ್ಥ. ಹೊಸದಾಗಿ ಈ ನಗರಕ್ಕೆ ಬಂದ ಕನ್ನಡಿಗನಿಗೆ ತ್ವರೆಯೆಂದು ಕೇಳಿಸುತ್ತದೆ. ಅರಿಯದ ಶಬ್ದವಾಗಿದ್ದರೆ ಅವನು ಕೇಳಿ ತಿಳಿಯುತ್ತಿದ್ದ. ಅರಿತ ಶಬ್ದವಾದುದರಿಂದಲೇ ಮೋಸಹೋಗುತ್ತಾನೆ. ಕೈಪಿಡಿಯು ಈ ಭೇದವನ್ನು ಬಚ್ಚಿಟ್ಟಿಲ್ಲವೆಂಬುದು ನಿಜ. ಆದರೆ ಪರಿಚಿತ ಭಾಷೆಯೆಂಬ ಭರವಸೆಯಿಂದ ಬಂದವನು ಭಾಗಾಕಾರದ ಅರ್ಥಕ್ಕಾಗಿ ಕೈಪಿಡಿಯನ್ನು ತೆರೆದಾನೆಯೆ? ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿಯ ವ್ಯತ್ಯಾಸವನ್ನು ಹುಡುಕಿ ರಾತ್ರಿ ಕಳೆದವರಿಗೆ ಇದರ ಬೆಲೆ ಗೊತ್ತು.

ಬೇರೊಂದು ಮಾರ್ಗವೂ ಇತ್ತೆಂಬುದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರವಿತೇಜ ಮುಳ್ಳಪೂಡಿ, ವಿನಯ್ ವಸಿಷ್ಠ, ಉದಯ್ ಬೊಂಡುಗುಲ ಇವರು 2015ರಲ್ಲಿ ಪ್ರಕಟಿಸಿದ ಪಾಲಿಮೇಜ್ ಕೂಡ ಪೈಥಾನಿನ ಆಶ್ರಿತವೇ. ಅದರ ಗುರಿ ಚಿತ್ರಸಂಸ್ಕರಣ. ಫಲ, ಬಹುಮಧ್ಯ ಸಂಸ್ಕಾರಕಗಳಿಗೆ ಒಪ್ಪುವ ಸಿ++ ಸಂಕೇತ. ಅಲ್ಲಿ ಪೈಥಾನ್ ನಿಜವಾಗಿಯೇ ನಡೆದು, ಗಣನೆಯ ನಕ್ಷೆಯನ್ನು ಕಟ್ಟಿಕೊಡುತ್ತದೆ. ಷರತ್ತನ್ನು ಹೇಳಲು ಪೈಥಾನಿನ 'ಇಫ್' ಸಾಲದು, 'ಕೇಸ್' ಎಂಬ ಪ್ರತ್ಯೇಕ ಪದ ಬೇಕು. ಬರಹ ಸ್ವಲ್ಪ ಒರಟು. ಆದರೆ ಎಲ್ಲಿ ಮನೆಯೊಡೆಯನ ಮಾತು ಮುಗಿದು ಅತಿಥಿಯ ಮಾತು ಮೊದಲಾಯಿತೆಂಬುದು ಕಣ್ಣಿಗೆ ಕಾಣುತ್ತದೆ. ಈ ಪ್ರಾಮಾಣಿಕತೆಗೆ ಒರಟುತನದ ಬೆಲೆ ತೆರುವುದು ದುಬಾರಿಯಲ್ಲ.

ಟ್ರೈಟನ್ನಿನ ಇನ್ನೊಂದು ಮಿತಿ ಅದರ ವರದಿಂದಲೇ ಹುಟ್ಟಿದುದು. ಸಾವಿರಾರು ಎಳೆಗಳ ನಡುವೆ ಕೆಲಸವನ್ನು ಹಂಚುವುದು, ಹಂಚಿಕೆಯ ಸ್ಮೃತಿಯಲ್ಲಿ ದತ್ತವನ್ನು ಇರಿಸುವುದು, ಇವನ್ನು ಕಂಪೈಲರ್ ವಹಿಸಿಕೊಂಡಿದೆ. ಬರೆಯುವವನಿಗೆ ಉಳಿದದ್ದು ಗುಚ್ಛದ ಗಾತ್ರ, ಎಳೆತಂಡಗಳ ಸಂಖ್ಯೆ ಮೊದಲಾದ ಕೆಲವೇ ತಿರುಪುಗಳು. ಯಂತ್ರ ಬದಲಾಗದಿರುವಷ್ಟು ಕಾಲ ಇದು ಸುಖ. ಎನ್‌ವಿಡಿಯಾದ ಹಾಪರ್ ಯಂತ್ರಗಳು ದತ್ತವನ್ನು ತರುವ ಕೆಲಸವನ್ನೂ ಗಣಿಸುವ ಕೆಲಸವನ್ನೂ ಏಕಕಾಲದಲ್ಲಿ ನಡೆಸುವ ಹೊಸ ಸೌಕರ್ಯಗಳನ್ನು ತಂದವು. ಅವನ್ನು ಪೂರ್ಣವಾಗಿ ದುಡಿಸಿಕೊಳ್ಳಲು ಹೊರಟ ಫ್ಲ್ಯಾಶ್‌ಅಟೆನ್ಷನ್-3 (2024) ಟ್ರೈಟನ್ನಿನಲ್ಲಿ ಬರೆಯಲ್ಪಡಲಿಲ್ಲ. ಕೂಡಾ ಸಿ++ ಭಾಷೆಯಲ್ಲಿ, ಕಟ್‌ಲಾಸ್ ಎಂಬ ಸಾಧನಸಂಗ್ರಹದ ನೆರವಿನಿಂದ ಬರೆಯಲ್ಪಟ್ಟಿತು. ಕೆಲಸ ಬಲ್ಲವನು ಕೈಹಾಕಬೇಕೆಂದಾಗ ಬಾಗಿಲು ಮುಚ್ಚಿತ್ತು.

ಟ್ರೈಟನ್ನಿನ ನಿರ್ಮಾಪಕರಿಗೂ ಇದು ತಿಳಿಯದ ಸಂಗತಿಯಲ್ಲ. 2025ರಲ್ಲಿ ಅವರು ಗ್ಲೂಆನ್ ಎಂಬ ಕೆಳಸ್ತರದ ಭಾಷೆಯನ್ನು ಅದೇ ಕಂಪೈಲರಿನ ಮೇಲೆ ಸೇರಿಸಿದರು. ಅದರಲ್ಲಿ ದತ್ತವಿನ್ಯಾಸವನ್ನೂ ಸ್ಮೃತಿಯನ್ನೂ ಬರೆಯುವವನೇ ನಿರ್ಧರಿಸಬೇಕು. ಬರಾನಗರದ ಡ್ರಮ್ಮಿನ ಕಾಲದ ಹೊಣೆ ಭಾಗಶಃ ಮರಳಿ ಬಂದಿದೆಯೆನ್ನಬಹುದು. ಗ್ಲೂಆನ್ ಕೂಡ ತೊಟ್ಟಿರುವುದು ಪೈಥಾನಿನ ವೇಷವನ್ನೇ.