ದೆವ್ವಕ್ಕೆ ಅನಂತನಾಗ್ ಮುಖ

ಎಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದವರನ್ನ ‘ಚಿಕ್ಕವರಿದ್ದಾಗ ಯಾವ ಸಿನಿಮಾ ನೋಡಿ ಹೆದರಿದ್ರಿ?’ ಅಂತ ಕೇಳಿ. ‘ನಾ ನಿನ್ನ ಬಿಡಲಾರೆ’ (1979) ಹೆಸರು ಬಂದೇ ಬರುತ್ತೆ. ಇವತ್ತು ನಾರ್ತ್ ಸಿಡ್ನಿಯ ಮನೆಯಲ್ಲಿ ಮಕ್ಕಳ ಜೊತೆ ಕೂತು ನೋಡಿದರೆ ಮೇಕಪ್ಪು, ಕ್ಯಾಮೆರಾ ತಂತ್ರ ಎಲ್ಲಾ ಹಳತು ಅನ್ನಿಸಬಹುದು. ಮಕ್ಕಳು ನಕ್ಕರೂ ನಕ್ಕಾರು.

ಆದರೆ ಚಿತ್ರದ ಭಯ ಇರೋದು ಅಲ್ಲಲ್ಲ. ದೆವ್ವ ಅಂದರೆ ಬಿಳಿ ಸೀರೆ, ಬಿಚ್ಚಿದ ಕೂದಲು ಅಂದುಕೊಂಡವರ ಮುಂದೆ ಅದು ಅನಂತನಾಗ್ ಮೈಮೇಲೆ ಬರುತ್ತೆ. ಆ ಸೌಮ್ಯ ಮುಖವೇ ಹೆಂಡತಿ ಲಕ್ಷ್ಮಿಗೆ ಅಪರಿಚಿತ ಆಗಿಬಿಡುತ್ತೆ. ಮನೆಯವರೇ ಬೇರೆ ಯಾರೋ ಆಗೋದಕ್ಕಿಂತ ದೊಡ್ಡ ಭಯ ಮಗುವಿಗೆ ಇನ್ನೇನಿದೆ?

ಇಲ್ಲಿಯ ಜೆನಿಫರ್ ಕೆಂಟ್ ಅವರ ‘ದ ಬಾಬಡೂಕ್’ (2014) ನಿಂತಿರೋದೂ ಇದೇ ಭಯದ ಮೇಲೆ. ಅಲ್ಲಿ ಮಗನಿಗೆ ಕಥೆ ಓದುವ ಅಮ್ಮನನ್ನೇ ನೋಡಿ ಹೆದರಬೇಕಾಗುತ್ತೆ. ಬೇರೆಯಾಗೋದು ಮುಕ್ತಾಯ. ಬಾಬಡೂಕ್ ನೆಲಮಾಳಿಗೆಯಲ್ಲೇ ಉಳಿಯುತ್ತೆ, ಅಮ್ಮ ಅದಕ್ಕೆ ಹುಳು ತಿನ್ನಿಸ್ತಾಳೆ. ನಮ್ಮ ಚಿತ್ರದಲ್ಲಿ ಮಂತ್ರಾಲಯದ ರಾಯರ ಕೃಪೆಯಿಂದ ದೆವ್ವ ಪೂರ್ತಿ ತೊಲಗುತ್ತೆ.

ಕಥೆಯಾಗಿ ಇದು ಸುಲಭದ ಪರಿಹಾರ. ಆದರೆ ಅನಂತನಾಗ್ ಅಭಿನಯ ಅಷ್ಟು ಸುಲಭಕ್ಕೆ ಬಿಡಲ್ಲ. ಚಿತ್ರ ಮುಗಿದು ಲೈಟ್ ಆರಿಸೋ ಮುಂಚೆ, ಮಗು ಅಪ್ಪನ ಮುಖವನ್ನ ಇನ್ನೊಂದು ಸಲ ನೋಡುತ್ತೆ.