ಎಷ್ಟು ಸ್ಕ್ರೂ, ಯಾರ ಬೆನ್ನಿಗೆ?

ಕೆ.ಆರ್. ಪುರದ ಕಡೆ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಸಾರುವೆಯಿಂದ ಕಾಲೂರಿ ಬಿದ್ದವರ ಬೆನ್ನುಮೂಳೆ ಹೆಚ್ಚಾಗಿ ಒಂದೇ ಜಾಗದಲ್ಲಿ ಮುರಿಯುತ್ತದೆ: ಪಕ್ಕೆಲುಬುಗಳ ಬಿಗಿ ಮುಗಿದು ಸೊಂಟದ ಸಡಿಲ ಶುರುವಾಗುವಲ್ಲಿ. ಮೇಲಿನಿಂದ ಮೈಭಾರ, ಕೆಳಗಿನಿಂದ ನೆಲದ ಏಟು. ನಡುವಿನ ಕಶೇರುಕ ಒಡೆದು ಚೂರುಗಳು ಬೆನ್ನುಹುರಿಯ ಕಡೆ ಸರಿಯುತ್ತವೆ. ಬರ್ಸ್ಟ್ ಫ್ರಾಕ್ಚರ್ ಎನ್ನುವುದು ಇದಕ್ಕೇ. ಇದನ್ನು ಹಿಡಿದು ನಿಲ್ಲಿಸುವ ಬಗೆಗಳನ್ನು ತೂಗುವಾಗ ನಾನು ನೋಡುವುದಿಷ್ಟು: ದುಡಿದು ತಿನ್ನುವ ಈ ಮನುಷ್ಯ ಎಷ್ಟು ಬೇಗ ಎದ್ದು ಕೂರುತ್ತಾನೆ, ಅದಕ್ಕಾಗಿ ಎಷ್ಟು ಒಳ್ಳೆಯ ಕೀಲುಗಳನ್ನು ಕಳೆದುಕೊಳ್ಳುತ್ತಾನೆ.

ಹ್ಯಾರಿಂಗ್‌ಟನ್ ರಾಡು ಇಲ್ಲಿ ಸೋಲುತ್ತದೆ. ಕೊಕ್ಕೆಗಳ ಬಲದಲ್ಲಿ ನಿಲ್ಲುವ ಅದು, ಮುರಿದ ಒಂದು ಕಶೇರುಕಕ್ಕಾಗಿ ಮೇಲೆ ಕೆಳಗೆ ಹಲವನ್ನು ಕಟ್ಟಿಹಾಕುತ್ತಿತ್ತು. ಅಗ್ಗದ ಹಾರ್ಟ್‌ಶಿಲ್ ಚೌಕಟ್ಟು ನಮ್ಮ ದೇಶದಲ್ಲಿ ಬಹಳ ಕಾಲ ನಡೆಯಿತು. ಬೆನ್ನುಹುರಿಯ ಪಕ್ಕದಲ್ಲೇ ತಂತಿ ತೂರಿಸಿ ಬಿಗಿಯುವ ಕೆಲಸಕ್ಕೆ ಗಟ್ಟಿ ಗುಂಡಿಗೆ ಬೇಕು. ಹಿಂದಿನಿಂದ ಎಷ್ಟು ಬಿಗಿದರೂ ಕುಸಿದ ಮುಂಭಾಗಕ್ಕೆ ಸಾಕಷ್ಟು ಆಸರೆ ಸಿಗುತ್ತಿರಲಿಲ್ಲ.

ಪ್ಯಾರಿಸಿನ ರಾಯ್ ಕಮಿಲ್ 1963ರಿಂದ ಬಳಸತೊಡಗಿದ ಪೆಡಿಕಲ್ ಸ್ಕ್ರೂ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿತು. ಕಶೇರುಕದ ಹಿಂಭಾಗವನ್ನು ಮುಂಭಾಗಕ್ಕೆ ಸೇರಿಸುವ ಕಿರಿದಾದ ಎಲುಬಿನ ದಾರಿಯಲ್ಲಿ ಅದು ಹೋಗಬೇಕು. ಮೊದಲು ದಬ್ಬಣದಂಥ ಸಲಕರಣೆಯಿಂದ ತೂತು; ಆಮೇಲೆ ತುದಿಯಲ್ಲಿ ಪುಟ್ಟ ಗುಂಡಿರುವ ಕಡ್ಡಿ ಇಳಿಸಿ, ಸುತ್ತಲಿನ ಗೋಡೆ, ತಳ ಎಲ್ಲ ಗಟ್ಟಿಯಿದೆಯೇ ಎಂದು ತಡವಿ ನೋಡುತ್ತಾರೆ. ಒಳಗೋಡೆ ಒಡೆದಿದ್ದರೆ ಅದರಾಚೆ ಇರುವುದು ಬೆನ್ನುಹುರಿ.

ಮೇಲೊಂದು, ಕೆಳಗೊಂದು ಕಶೇರುಕಕ್ಕೆ ಒಟ್ಟು ನಾಲ್ಕು ಸ್ಕ್ರೂ ಹಾಕಿದರೆ ಕೀಲುಗಳು ಉಳಿಯುತ್ತವೆ. ಆದರೆ ಮುರಿದದ್ದು ತೀರಾ ಪುಡಿಯಾಗಿದ್ದರೆ ಭಾರವೆಲ್ಲ ಲೋಹದ ಮೇಲೆ ಬಿದ್ದು ಸ್ಕ್ರೂ ತುಂಡಾಗಬಹುದು. 1994ರಲ್ಲಿ ಮೆಕ್‌ಕಾರ್ಮ್ಯಾಕ್ ಮತ್ತು ಸಂಗಡಿಗರು ಪುಡಿಯಾದ ಪ್ರಮಾಣಕ್ಕೆ ಅಂಕ ಕೊಟ್ಟು ಎಚ್ಚರಿಸಿದ್ದು ಇದನ್ನೇ. ಮುರಿದ ಕಶೇರುಕದಲ್ಲೂ ಪೆಡಿಕಲ್ ಗಟ್ಟಿಯಿದ್ದರೆ ಅಲ್ಲಿಗೂ ಗಿಡ್ಡ ಸ್ಕ್ರೂ ಸೇರಿಸುವ ಕ್ರಮ ನನಗೆ ಎಲ್ಲಕ್ಕಿಂತ ಮೆಚ್ಚುಗೆ. ಭಾರ ಹಂಚಿಹೋಗುತ್ತದೆ, ಉದ್ದನೆಯ ರಾಡಿಗೆ ಬೆನ್ನನ್ನೆಲ್ಲ ಒಪ್ಪಿಸುವುದು ತಪ್ಪುತ್ತದೆ.

ಸಣ್ಣ ತೂತುಗಳಿಂದಲೇ ಸ್ಕ್ರೂ ಹಾಕುವ ಹೊಸ ವಿಧಾನದ ಮೇಲಿನ ಮೋಹ ಮಾತ್ರ ಸ್ವಲ್ಪ ಅತಿಯಾಯಿತು. ರಕ್ತ ಕಡಿಮೆ ಹೋಗುತ್ತದೆ, ಮೊದಲ ದಿನಗಳ ನೋವೂ ಕಡಿಮೆ, ನಿಜ. ಆದರೆ ಎಕ್ಸ್‌ರೇ ಹೆಚ್ಚು ಬೇಕು, ಸಾಮಾನು ದುಬಾರಿ, ಹುರಿಯನ್ನು ಒತ್ತುವ ಚೂರನ್ನು ಆ ತೂತುಗಳಿಂದ ನೇರವಾಗಿ ತೆಗೆಯಲಾಗದು. 1868ರಿಂದ ದಂಡಿನ ಜನರನ್ನು ನೋಡುತ್ತ ಬಂದಿರುವ ಶಿವಾಜಿನಗರದ ಬೌರಿಂಗಿನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಹಣ ಮೊದಲು ಹೋಗಬೇಕಾದದ್ದು ಆಪರೇಷನ್ ಬೇಗ ಆಗುವಂತೆ ನೋಡಿಕೊಳ್ಳುವುದಕ್ಕೆ.

ಎಲ್ಲರಿಗೂ ಲೋಹ ಬೇಕೆಂದೂ ಇಲ್ಲ. ನರಕ್ಕೆ ಪೆಟ್ಟಾಗದ, ಸ್ಥಿರವಾದ ಬರ್ಸ್ಟ್ ಫ್ರಾಕ್ಚರಿನಲ್ಲಿ ಆಪರೇಷನ್ನಿಗೂ ಬೆಲ್ಟ್ ಅಥವಾ ಪ್ಲಾಸ್ಟರಿಗೂ ಕೊನೆಗೆ ದೊಡ್ಡ ವ್ಯತ್ಯಾಸವಿಲ್ಲವೆಂದು ಕಿರ್ಕಮ್ ವುಡ್ ತಂಡ 2003ರಲ್ಲಿ ತೋರಿಸಿತು. ತೊಡಕುಗಳು ಆಪರೇಷನ್ ಆದವರಲ್ಲೇ ಹೆಚ್ಚು. ಇದನ್ನು ರೋಗಿಯ ಮನೆಯವರಿಗೆ ಬಿಡಿಸಿ ಹೇಳಲೇಬೇಕು.

ಕಾಲುಗಳ ಸ್ವಾಧೀನ ಪೂರ್ತಿ ಹೋದವರ ಹುರಿಯನ್ನು ಯಾವ ಸ್ಕ್ರೂವೂ ಮರಳಿ ಕೊಡದು. ಬೆನ್ನು ಗಟ್ಟಿ ನಿಂತರೆ ಬೇಗ ಗಾಲಿಕುರ್ಚಿಗೆ ಏರಿಸಬಹುದು, ಹಾಸಿಗೆ ಹುಣ್ಣು ತಪ್ಪಿಸುವುದು ಸುಲಭವಾಗುತ್ತದೆ. ಮುಂದಿನದನ್ನು ಕಲಿಸಬೇಕು: ಮೂತ್ರದ ನಳಿಕೆ ಹಾಕಿಕೊಳ್ಳುವುದು, ಕುರ್ಚಿಯಿಂದ ಮಂಚಕ್ಕೆ ದಾಟುವುದು. ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಎ.ಪಿ.ಡಿ. ಸಂಸ್ಥೆ ಇಲ್ಲೇ ಲಿಂಗರಾಜಪುರದಲ್ಲಿದೆ, ಬೆನ್ನುಹುರಿಗೆ ಪೆಟ್ಟಾದವರ ಪುನರ್ವಸತಿ ಅದರ ಕೆಲಸಗಳಲ್ಲೊಂದು. ಡಿಸ್ಚಾರ್ಜ್ ಚೀಟಿಯಲ್ಲಿ ಸ್ಕ್ರೂಗಳ ಲೆಕ್ಕದ ಜೊತೆಗೆ ಇಂಥ ಕಡೆಯ ವಿಳಾಸವನ್ನೂ ಬರೆದುಕೊಡುವ ಪದ್ಧತಿ ಬರಬೇಕು.